ಮೂವತ್ತೊಂದನೆಯ ತುಂಡು

ನಿಮಗೆ ಯಾರಿಗಾದರೂ ಹೀಗೆ ಆದದ್ದುಂಟಾ? ಲೆಕ್ಕದ ಮೇಷ್ಟ್ರು ಇವತ್ತು ಯಾರನ್ನು ಬೋರ್ಡಿಗೆ ಕರೆಯುತ್ತಾರೆ ಎಂದು ಮೊದಲೇ ಪತ್ತೆ ಮಾಡಿ, ನಿಮ್ಮ ಸರದಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೋಂವರ್ಕ್ ಮಾಡದೆ ಆರಾಮವಾಗಿ ಕೂತದ್ದು? ಆ ಪತ್ತೆದಾರಿಕೆಗೆ ಖರ್ಚು ಮಾಡಿದ ತಲೆಯಲ್ಲಿ ಅರ್ಧದಷ್ಟು ಸಾಕಿತ್ತು ಹೋಂವರ್ಕ್ ಮುಗಿಸಲಿಕ್ಕೆ ಎಂದು ಕೂದಲು ಬೆಳ್ಳಗಾದ ಮೇಲೆ ಹೊಳೆದದ್ದು? ಆಗಿದ್ದರೆ ಮುಂದೆ ಓದಿ. ಆಗಿಲ್ಲ ಎನ್ನುವವರು ಒಳ್ಳೆಯ ಮಕ್ಕಳು, ನಿಮಗೆ ನನ್ನ ಸಹವಾಸ ಬೇಡ.

ಹೋದ ತಿಂಗಳು ನಮ್ಮ ಹತ್ತನೇ ಕ್ಲಾಸಿನವರ ಮೊಬೈಲ್ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಹಾರ ಹಾಕಿದ ಫೋಟೋ. ನಮ್ಮ ಲೆಕ್ಕದ ಸಾರ್. ಹೆಸರು ಬರೆಯುವುದಿಲ್ಲ. ಕಾಪುವಿನ ನಮ್ಮ ಶಾಲೆಯಲ್ಲಿ ಅವರಿಗೆ ಹೆಸರಿನ ಅಗತ್ಯವೇ ಇರಲಿಲ್ಲ, 'ಸಾರ್' ಎಂದರೆ ಅವರೇ, ಉಳಿದವರಿಗೆಲ್ಲ ಮುಂದೆ ಏನಾದರೂ ಸೇರಿಸಬೇಕಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಸಾರ್ ತೆಳ್ಳಗೆ, ಉದ್ದಕ್ಕೆ ಇದ್ದರು. ಕೊಡೆಯನ್ನು ಶರ್ಟಿನ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ನಡೆಯುತ್ತಿದ್ದರು, ಮಳೆ ಇರಲಿ ಬಿಡಲಿ. ಸೀಮೆಸುಣ್ಣ ಕಿವಿಯ ಮೇಲೆ. ಬೈಯುತ್ತಿರಲಿಲ್ಲ, ಬೆತ್ತ ಹಿಡಿಯುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಒಂದೇ ಒಂದು ಪ್ರಶ್ನೆ. ನಾವು ಯಾವ ಉತ್ತರ ಹೇಳಿದರೂ, ಸರಿಯೋ ತಪ್ಪೋ, ತಲೆ ಸ್ವಲ್ಪ ವಾಲಿಸಿ ಕೇಳುತ್ತಿದ್ದರು: "ಎಣಿಸಿದೆಯಾ, ಅಂದಾಜಾ?"

ಈ ಪ್ರಶ್ನೆ ನನಗೆ ಆಗುತ್ತಿರಲಿಲ್ಲ. ಯಾಕೆಂದರೆ ನನ್ನದು ಹುಟ್ಟಿನಿಂದಲೇ ಅಂದಾಜು.

ಅವರ ಮನೆ ಕಾರ್ಕಳದಲ್ಲಿ. ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು ಅಲ್ಲಿ. ಸಾರ್ ಕಾಪುವಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿದದ್ದೇ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲ, ಪರ್ಕಳ ದಾಟಿ ಕಾರ್ಕಳಕ್ಕೆ ಇನ್ನೊಂದು ಬಸ್ಸು. ಸೋಮವಾರ ಬೆಳಿಗ್ಗೆ ವಾಪಸು. ಶನಿವಾರದ ಕ್ಲಾಸಿನಲ್ಲಿ ಅವರ ಒಂದು ಕಿವಿ ರಸ್ತೆಯ ಕಡೆ ಇರುತ್ತಿತ್ತು. ಮೇಜಿನ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ. ಅದು ಹೆಂಡತಿಗಾ, ಮಗಳಿಗಾ ಎಂದು ನಾವು ಹುಡುಗಿಯರು ಚರ್ಚೆ ಮಾಡುತ್ತಿದ್ದೆವು. ಒಂದು ಶನಿವಾರ ಕೇಳಿಯೇ ಬಿಟ್ಟೆ.

"ಇಬ್ಬರಿಗೂ," ಎಂದರು ಸಾರ್. "ಅಳತೆ ಮಾಡಿ ತುಂಡು ಮಾಡುವ ಕೆಲಸ ಮಗಳದ್ದು. ಪ್ರತಿ ಸಲ ಅವಳ ಅರ್ಧ ಸ್ವಲ್ಪ ಉದ್ದ ಬರುತ್ತದೆ."

ಕಾರ್ಕಳಕ್ಕೆ ವರ್ಗ ಸಿಗಬೇಕು ಎನ್ನುವುದೊಂದೇ ಆ ಮನುಷ್ಯನ ಆಸೆ. ಇದು ಇಡೀ ಶಾಲೆಗೆ ಗೊತ್ತಿತ್ತು. ನೀರು ಸೇದುವ ಹೆಂಗಸಿಗೂ ಗೊತ್ತಿತ್ತು.

ಒಂದು ಸಲ ಅವರು ವಿಚಿತ್ರ ಹೋಂವರ್ಕ್ ಕೊಟ್ಟರು. ನಮ್ಮ ಊರಿನ ಕಡಲತಡಿಯ ದೀಪಸ್ತಂಭ ಉಂಟಲ್ಲ, ಸಂಜೆ ಅದರ ದೀಪ ಹೊತ್ತಿದ ಮೇಲೆ ಅದು ಎಷ್ಟು ಸಲ ಮಿನುಗುತ್ತದೆ, ಎಷ್ಟು ಹೊತ್ತು ಬಿಡುತ್ತದೆ, ಮತ್ತೆ ಎಷ್ಟು ಸಲ, ಇದನ್ನು ಎಣಿಸಿ ಬರೆದುಕೊಂಡು ಬರಬೇಕು. ದಿನಾ ನೋಡುವ ದೀಪ! ಅದನ್ನು ಎಣಿಸಲಿಕ್ಕೆ ಹೊರಗೆ ಬೇರೆ ಹೋಗಬೇಕಾ? ನಾನು ಅಡುಗೆಮನೆಯಲ್ಲೇ ಕೂತು ಒಂದು ಅಂಕಿ ಬರೆದೆ. ಬೆಳಿಗ್ಗೆ ನನ್ನ ಪುಸ್ತಕ ನೋಡಿ ಹತ್ತು ಜನ ಬರೆದುಕೊಂಡರು, ಅವರದ್ದು ನೋಡಿ ಉಳಿದವರು.

ಸಾರ್ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕಿ ನಕ್ಕರು. "ಮೂವತ್ತೇಳು ಜನಕ್ಕೆ ಒಂದೇ ಉತ್ತರ. ಮಕ್ಕಳೇ, ನಿಜವಾಗಿ ಎಣಿಸಿದ್ದರೆ ಇಷ್ಟು ಒಗ್ಗಟ್ಟು ಇರುವುದಿಲ್ಲ. ಒಬ್ಬನಿಗೆ ಒಂದು ಹೆಚ್ಚು, ಒಬ್ಬನಿಗೆ ಒಂದು ಕಡಿಮೆ ಆಗಿಯೇ ಆಗುತ್ತದೆ."

ಬೇರೆ ಉತ್ತರ ಬರೆದಿದ್ದವಳು ಒಬ್ಬಳೇ. ನನ್ನ ಪಕ್ಕದಲ್ಲಿ ಕೂರುವ ಝೊಹರಾ. ಅವಳು ಅಜ್ಜನನ್ನು ಎಬ್ಬಿಸಿಕೊಂಡು ಅಂಗಳದಲ್ಲಿ ಕೂತು ಎಣಿಸಿದ್ದಳಂತೆ. ಎರಡು ಸಲ ಎಣಿಸುವಾಗ ಎರಡು ಉತ್ತರ ಬಂತು ಎಂದು ಎರಡನ್ನೂ ಬರೆದಿದ್ದಳು. ನಾನು ಅವಳನ್ನು ಪೆದ್ದಿ ಎಂದು ತಮಾಷೆ ಮಾಡಿದೆ. ಸಾರ್ ಅವಳ ಪುಸ್ತಕಕ್ಕೆ ಮಾತ್ರ ಸಹಿ ಹಾಕಿದರು.

ಈಗ ನನ್ನ ಪತ್ತೆದಾರಿಕೆಗೆ ಬರುತ್ತೇನೆ.

ಸಾರ್ ದಿನಾ ಕೆಲವರನ್ನು ಹಾಜರಿ ನಂಬರು ಹೇಳಿ ಬೋರ್ಡಿಗೆ ಕರೆಯುತ್ತಿದ್ದರು. ನನ್ನದು ಮೂವತ್ತೊಂದು, ಝೊಹರಾಳದ್ದು ಮೂವತ್ತೆರಡು. ಯಾರನ್ನು ಕರೆಯುತ್ತಾರೆ ಎನ್ನುವುದಕ್ಕೆ ಏನೋ ಕ್ರಮ ಉಂಟು ಎಂದು ನನಗೆ ವಾಸನೆ ಹೊಡೆದಿತ್ತು. ನನ್ನ ಮೊದಲ ಸಿದ್ಧಾಂತ: ತಲೆ ತಗ್ಗಿಸಿದವರನ್ನು ಕರೆಯುತ್ತಾರೆ. ಹಾಗಾಗಿ ಒಂದು ವಾರ ನಾನು ಅವರನ್ನು ಕಣ್ಣು ಪಿಳುಕಿಸದೆ ದಿಟ್ಟಿಸಿದೆ. "ಕಣ್ಣಿಗೆ ಎಂತದಾದರೂ ಬಿದ್ದಿದೆಯಾ?" ಎಂದು ಕೇಳಿದರು. ಎರಡನೆಯ ಸಿದ್ಧಾಂತ: ಸಾರ್ ನೀಲಿ ಶರ್ಟು ಹಾಕಿದ ದಿನ ಹುಡುಗಿಯರನ್ನು, ಬಿಳಿ ಶರ್ಟಿನ ದಿನ ಹುಡುಗರನ್ನು ಕರೆಯುತ್ತಾರೆ. ಇದು ಎರಡು ದಿನ ಸರಿಯಾಯಿತು. ಮೂರನೆಯ ದಿನ ಸಾರ್ ಗೀಟಿನ ಶರ್ಟು ಹಾಕಿಕೊಂಡು ಬಂದರು.

ಕೊನೆಗೆ ಕರೆದ ನಂಬರುಗಳನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಲಿಕ್ಕೆ ಶುರು ಮಾಡಿದೆ. ಮೂರು ವಾರದಲ್ಲಿ ಗುಟ್ಟು ಸಿಕ್ಕಿತು. ಸೋಮವಾರ ಮೂರರ ಮಗ್ಗಿ: ಮೂರು, ಆರು, ಒಂಬತ್ತು. ಮಂಗಳವಾರ ವರ್ಗಸಂಖ್ಯೆ: ಒಂದು, ನಾಲ್ಕು, ಒಂಬತ್ತು, ಹದಿನಾರು. ಬುಧವಾರ ಒಂದಕ್ಕೆ ಎರಡು ಕೂಡಿಸಿ, ಅದಕ್ಕೆ ಮೂರು ಕೂಡಿಸಿ, ಅದಕ್ಕೆ ನಾಲ್ಕು ಕೂಡಿಸಿ: ಒಂದು, ಮೂರು, ಆರು, ಹತ್ತು. ಗುರುವಾರ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದ್ದು: ಎರಡು, ಮೂರು, ಐದು, ಎಂಟು, ಹದಿಮೂರು. ಶುಕ್ರವಾರ ದುಪ್ಪಟ್ಟು: ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಶನಿವಾರ ಯಾರನ್ನೂ ಕರೆಯುವುದಿಲ್ಲ, ಬಸ್ಸಿನ ಚಿಂತೆ.

ಇದರಲ್ಲಿ ನನ್ನ ಜೀವನದ ಅತಿ ದೊಡ್ಡ ಶೋಧ ಯಾವುದು ಗೊತ್ತುಂಟಾ? ಮೂವತ್ತೊಂದು ಯಾವ ದಿನವೂ ಬರುವುದಿಲ್ಲ! ನೀವೂ ಬೇಕಾದರೆ ಹಾಕಿ ನೋಡಿ.

ಅವತ್ತಿನಿಂದ ನಾನು ಹೋಂವರ್ಕಿಗೆ ರಾಜೀನಾಮೆ ಕೊಟ್ಟೆ. ಅಷ್ಟೇ ಅಲ್ಲ, ಕ್ಲಾಸಿನ ಜೋಯಿಸಳಾದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಎಲ್ಲರೂ ನನ್ನ ಹತ್ತಿರ ಬಂದು, "ಇವತ್ತು ನಾನು ಉಂಟಾ ಮಾರಾಯ್ತಿ?" ಎಂದು ಕೇಳುವುದು. ದಕ್ಷಿಣೆ, ಉಪ್ಪು ಹಾಕಿದ ಹುಳಿ ಬಿಂಬುಳಿಕಾಯಿ. ಆ ವರ್ಷ ನಾನು ತಿಂದ ಬಿಂಬುಳಿಗೆ ಹಲ್ಲು ಈಗಲೂ ಜುಂ ಎನ್ನುತ್ತದೆ.

ಪಾಪ ಝೊಹರಾ. ಪ್ರತಿ ಶುಕ್ರವಾರ ಅವಳ ಸರದಿ. ಗುರುವಾರ ಇಡೀ ಸಂಜೆ ಕೂತು ಲೆಕ್ಕ ಮಾಡುತ್ತಿದ್ದಳು. "ನಿನ್ನ ನಂಬರು ನನಗೆ ಕೊಡ್ತೀಯಾ?" ಎಂದು ಅಳುಮೋರೆ ಮಾಡುತ್ತಿದ್ದಳು. ನಾನು ಮಹಾರಾಣಿಯ ಹಾಗೆ ಇಲ್ಲ ಎನ್ನುತ್ತಿದ್ದೆ. ಅವಳು ಈಗ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾಗುವ ಹಂತದಲ್ಲಿದ್ದಾಳೆ. ನಾನು ಟೈಲ್ಸ್ ಅಂಗಡಿಗೆ ಹೋದರೆ ಬಚ್ಚಲುಮನೆಗೆ ಎಷ್ಟು ಬೇಕು ಎಂದು ಅವಳಿಗೆ ಫೋನ್ ಮಾಡುತ್ತೇನೆ. ಬುದ್ಧಿವಂತಿಕೆ ನನ್ನದು, ಫಲ ಅವಳಿಗೆ.

ಜನವರಿಯಲ್ಲಿ ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂತು. ಬರುವುದು ಶುಕ್ರವಾರ. ಹಿಂದಿನ ದಿನ ವರಾಂಡದಲ್ಲಿ ಹೆಡ್ಮಾಸ್ಟರು ಸಾರಿಗೆ ಹೇಳುವುದನ್ನು ನಾನೂ ಝೊಹರಾಳೂ ಕೇಳಿಸಿಕೊಂಡೆವು.

"ಕಾರ್ಕಳದಲ್ಲಿ ಗಣಿತದ ಪೋಸ್ಟು ಖಾಲಿ ಉಂಟು. ಸಾಹೇಬರು ನಾಳೆ ಖುಷಿಯಾಗಿ ಹೋದರೆ ಜೂನಿನಲ್ಲಿ ನೀವು ಮನೆಯಿಂದಲೇ ಶಾಲೆಗೆ ಹೋಗಬಹುದು. ಅವರು ಹೇಳಿದ್ದಕ್ಕೆ ಹೌದು ಎಂದುಬಿಡಿ, ಹೊಸ ಪ್ರಯೋಗ ಎಲ್ಲ ಬೇಡ, ಆಯಿತಾ?"

"ಆಯಿತು ಸಾರ್," ಎಂದರು ನಮ್ಮ ಸಾರ್. ಹಾಗೆ ಹೇಳುವಾಗ ಅವರ ಮುಖ ಶನಿವಾರದ ಮುಖವಾಗಿತ್ತು.

ನಾನು ಕ್ಲಾಸಿಗೆ ಹೋಗಿ ಘೋಷಣೆ ಮಾಡಿದೆ: "ನಾಳೆ ಶುಕ್ರವಾರ. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಈ ಆರು ಜನ ಚೆನ್ನಾಗಿ ಓದಿಕೊಂಡು ಬನ್ನಿ. ಸಾರಿನ ವರ್ಗ ನಿಮ್ಮ ಕೈಯಲ್ಲಿ ಉಂಟು." ಉಳಿದವರಿಗೆ ರಜೆ ಎಂದೂ ಹೇಳಿದೆ.

ಇನ್‌ಸ್ಪೆಕ್ಟರ್ ಬಂದರು. ಸಫಾರಿ ಸೂಟು, ಘಟ್ಟದ ಮೇಲಿನ ಕನ್ನಡ. ಹಿಂದಿನ ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಹೆಡ್ಮಾಸ್ಟರು ಪಕ್ಕದಲ್ಲಿ ನಿಂತರು. ಸಾರ್ ಬೋರ್ಡಿನ ಮೇಲೆ ಒಂದು ವೃತ್ತ ಬರೆದರು.

"ನಂಬರ್ ಒಂದು."

ಅವನು ಎದ್ದು ಹೋದ. ವೃತ್ತದ ಮೇಲೆ ಒಂದು ಚುಕ್ಕಿ ಇಡಿಸಿದರು. "ವೃತ್ತ ಎಷ್ಟು ತುಂಡಾಯಿತು?" ತುಂಡಾಗಲೇ ಇಲ್ಲ, ಒಂದೇ. "ನಂಬರ್ ಎರಡು." ಎರಡು ಚುಕ್ಕಿ, ನಡುವೆ ಒಂದು ಗೆರೆ. ಎರಡು ತುಂಡು. "ನಂಬರ್ ನಾಲ್ಕು." ಮೂರು ಚುಕ್ಕಿ, ಒಂದಕ್ಕೊಂದು ಗೆರೆ. ನಾಲ್ಕು ತುಂಡು. ನಂಬರ್ ಎಂಟಿನವನು ನಾಲ್ಕು ಚುಕ್ಕಿ ಇಟ್ಟು ಎಂಟು ತುಂಡು ಎಣಿಸಿದ. ಹದಿನಾರನೆಯವನು ಐದು ಚುಕ್ಕಿ ಇಟ್ಟು ಹದಿನಾರು ಎಣಿಸಿದ. ಇನ್‌ಸ್ಪೆಕ್ಟರ್ ತಲೆ ಆಡಿಸುತ್ತಿದ್ದರು. ನಾನು ಝೊಹರಾಳ ಪಕ್ಕೆಗೆ ತಿವಿದೆ, "ಏಳು, ಇನ್ನು ನೀನೇ." ಅವಳು ಅರ್ಧ ಎದ್ದಿದ್ದಳು.

"ನಂಬರ್ ಮೂವತ್ತೊಂದು."

ಸಾರಿಗೆ ಬಾಯಿ ತಪ್ಪಿತು ಎಂದುಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರು, ಸ್ವಲ್ಪ ನಗುತ್ತಲೂ ಇದ್ದರು. ಎದ್ದೆ. ಬೋರ್ಡಿನ ತನಕ ಹೇಗೆ ಹೋದೆ ಎಂದು ಕೇಳಬೇಡಿ. ಸಾರ್ ಆರು ಚುಕ್ಕಿ ಇಟ್ಟುಕೊಟ್ಟರು, ಒಂದೊಂದು ಒಂದೊಂದು ದೂರದಲ್ಲಿ, ಮೂರು ಗೆರೆಗಳು ಒಂದೇ ಕಡೆ ಬಂದು ಸೇರದ ಹಾಗೆ. ನಾನು ಗೆರೆ ಎಳೆದೆ. ಎಳೆಯಲಿಕ್ಕೆ ಬುದ್ಧಿ ಬೇಡವಲ್ಲ. ಆಮೇಲೆ ಎಣಿಸಲಿಕ್ಕೆ ಶುರು ಮಾಡಿದೆ.

ಮೂವತ್ತೊಂದು ಬಂತು.

ಮತ್ತೆ ಎಣಿಸಿದೆ. ಮೂವತ್ತೊಂದು.

ಒಂದು, ಎರಡು, ನಾಲ್ಕು, ಎಂಟು, ಹದಿನಾರು ಆದ ಮೇಲೆ ಮೂವತ್ತೆರಡಲ್ಲದೆ ಇನ್ನೆಂತ? ಒಂದು ತುಂಡನ್ನು ಎಲ್ಲೋ ಬಿಟ್ಟಿದ್ದೇನೆ. ವೃತ್ತದ ಒಳಗೆ ಕೂದಲು ಬಾಚಿ ಹೇನು ಹುಡುಕುವ ಹಾಗೆ ಹುಡುಕಿದೆ. ಸಿಗಲಿಲ್ಲ. ಹಿಂದಿನಿಂದ ಇನ್‌ಸ್ಪೆಕ್ಟರ್, "ಹೂಂ? ಬೇಗ," ಎಂದರು. ನಡುವೆ ಒಂದು ಸಣ್ಣ ತ್ರಿಕೋನ ಇತ್ತು. ನಾನು ಮೂರನೆಯ ಸಲ ಎಣಿಸುವಾಗ ಅದರ ಮೇಲೆ ಎರಡು ಸಲ ಬೆರಳಿಟ್ಟೆ. ತಪ್ಪಿ ಇಟ್ಟದ್ದಲ್ಲ, ಗೊತ್ತಿದ್ದೇ ಇಟ್ಟದ್ದು.

"ಮೂವತ್ತೆರಡು ಸಾರ್!"

"ಗುಡ್," ಎಂದರು ಇನ್‌ಸ್ಪೆಕ್ಟರ್. "ಪ್ರತಿ ಸಲ ದುಪ್ಪಟ್ಟು. ಗುಣೋತ್ತರ ಶ್ರೇಢಿ. ಮೇಷ್ಟ್ರು ಚೆನ್ನಾಗಿ ಹೇಳ್ಕೊಟ್ಟಿದ್ದಾರೆ. ಕೂತ್ಕೊಳಮ್ಮ."

ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದರು. ಕ್ಲಾಸೂ ತಟ್ಟಿತು. ನಾನು ಗೆದ್ದವಳ ಹಾಗೆ ಬೆಂಚಿನ ಕಡೆ ನಡೆದೆ. ಸಾರ್ ಬೋರ್ಡನ್ನು ನೋಡುತ್ತಾ ನಿಂತಿದ್ದರು. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಜೂನಿನಲ್ಲಿ ಕಾರ್ಕಳ.

"ಸಾರ್, ಒಂದು ನಿಮಿಷ," ಎಂದರು. "ಹುಡುಗಿ ಹೇಳಿದ್ದು ತಪ್ಪು. ಅದು ಮೂವತ್ತೊಂದು."

"ಏನ್ರೀ ಮೇಷ್ಟ್ರೇ, ಮಕ್ಕಳ ತಲೆ ಕೆಡಿಸ್ತೀರಾ? ಹದಿನಾರಾದ್ಮೇಲೆ ಮೂವತ್ತೊಂದು ಹೆಂಗೆ ಬರುತ್ತೆ?"

"ಅದನ್ನೇ ತೋರಿಸಲಿಕ್ಕೆ ಹೊರಟದ್ದು ಸಾರ್. ನಾಲ್ಕು ಸಲ ದುಪ್ಪಟ್ಟಾದದ್ದು ಐದನೆಯ ಸಲ ಆಗಬೇಕೆಂದಿಲ್ಲ."

"ನನಗೆ ಗೊತ್ತಿಲ್ವೇನ್ರೀ? ಅದು ಮೂವತ್ತೆರಡೇ."

ಆಗ ನಮ್ಮ ಸಾರ್, ಅಭ್ಯಾಸಬಲದಿಂದ, ತಲೆ ಸ್ವಲ್ಪ ವಾಲಿಸಿ ಕೇಳಿಬಿಟ್ಟರು: "ಎಣಿಸಿದಿರಾ ಸಾರ್, ಅಂದಾಜಾ?"

ಹೆಡ್ಮಾಸ್ಟರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಮುಂದೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು, ಆದರೆ ಈ ಸಲ ಅವರಿಗೇ ಗೊತ್ತಾಗಲಿಲ್ಲ. ಸಾರ್ ಬೋರ್ಡಿಗೆ ತಿರುಗಿ ಪ್ರತಿ ತುಂಡಿನ ಒಳಗೆ ಒಂದೊಂದು ಅಂಕಿ ಬರೆಯುತ್ತಾ ಹೋದರು. ಹತ್ತೊಂಬತ್ತು ಬರೆಯುವಾಗ ಕುರ್ಚಿ ಸರಿದ ಸದ್ದು. ಇನ್‌ಸ್ಪೆಕ್ಟರ್ ಹೊರಗೆ ನಡೆದರು, ಹೆಡ್ಮಾಸ್ಟರು ಅವರ ಹಿಂದೆ ಓಡಿದರು. ಪ್ರತಿ ವರ್ಷ ಕುಡಿಯುವ ಬೊಂಡದ ಎಳನೀರನ್ನೂ ಆ ವರ್ಷ ಕುಡಿಯಲಿಲ್ಲ. ಸಾರ್ ನಿಲ್ಲಿಸಲಿಲ್ಲ. ಇಪ್ಪತ್ತು, ಇಪ್ಪತ್ತೊಂದು. ಮೂವತ್ತೊಂದು ಬರೆದು, ಕೈ ಕೊಡವಿ, "ಇನ್ನು ಜಾಗ ಇಲ್ಲ," ಎಂದರು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಝೊಹರಾ ನನ್ನನ್ನು ನುಂಗುವ ಹಾಗೆ ನೋಡಿದಳು. "ನಿನಗೆ ಅಷ್ಟೂ ಹೊಳೆಯಲಿಲ್ಲವಾ ಮಾರಾಯ್ತಿ? ಒಂದು ತುಂಡಿಗೆ ಒಂದನೇ ನಂಬರು, ಹದಿನಾರು ತುಂಡಿಗೆ ಹದಿನಾರನೇ ನಂಬರು. ನಿನ್ನನ್ನು ಕರೆದಾಗಲೇ ಸಾರ್ ಉತ್ತರ ಹೇಳಿ ಆಗಿತ್ತು. ಉತ್ತರವೇ ನೀನು. ನೀನು ಹೋಗಿ ನನ್ನ ನಂಬರು ಹೇಳಿ ಬಂದೆಯಲ್ಲ!"

ಇಡೀ ವರ್ಷ ಸಾರಿನ ಕ್ರಮ ಕಂಡುಹಿಡಿದ ಮಹಾ ಪತ್ತೆದಾರಿಣಿ. ಕಣ್ಣೆದುರಿನ ಕ್ರಮ ಕಾಣಲಿಲ್ಲ.

ಸಂಜೆ ಮನೆಯಲ್ಲಿ ದೋಸೆಯ ಮೇಲೆ ಚಾಕುವಿನಿಂದ ಗೆರೆ ಎಳೆದು ಎಣಿಸಿದೆ. ದೋಸೆಯೂ ಮೂವತ್ತೊಂದೇ ಹೇಳಿತು. "ಅದು ತಿನ್ನಲಿಕ್ಕಾ, ಆಪರೇಷನ್ ಮಾಡಲಿಕ್ಕಾ?" ಎಂದು ಅಮ್ಮ ಬೈದರು.

ಮರುದಿನ ಶನಿವಾರ. ಮಲ್ಲಿಗೆಯ ಕಟ್ಟು ಮೇಜಿನ ಮೇಲೆ ಇತ್ತು. ಕ್ಲಾಸು ಬಿಟ್ಟ ಮೇಲೆ ಸಾರ್ ನನ್ನ ಬೆಂಚಿನ ಹತ್ತಿರ ನಿಂತರು.

"ನಿನ್ನೆ ನೀನು ಎಣಿಸುವಾಗ ಎಷ್ಟು ಬಂತು?"

"ಮೂವತ್ತೊಂದು ಸಾರ್."

"ಎಷ್ಟು ಸಲ ಎಣಿಸಿದೆ?"

"ಎರಡು ಸಲ. ಮೂವತ್ತೆರಡು ಬರಬೇಕಲ್ಲ ಸಾರ್ ಅಂತ..."

"ಬರಬೇಕಾದದ್ದನ್ನು ಯಾರು ಬೇಕಾದರೂ ಹೇಳುತ್ತಾರೆ. ಬಂದದ್ದನ್ನು ಹೇಳಲಿಕ್ಕೆ ನಿನ್ನನ್ನು ಕರೆದದ್ದು." ಕೊಡೆಯನ್ನು ಕಾಲರಿಗೆ ಸಿಕ್ಕಿಸಿಕೊಂಡರು. "ನನ್ನ ಕ್ರಮವನ್ನು ಮೊದಲು ಹಿಡಿದವಳು ನೀನು ಅಂತ ನನಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಪುಸ್ತಕದ ಹಿಂದಿನ ಹಾಳೆ ನೋಡಿದ್ದೆ. ಹಾಗಾಗಿ ನಿನ್ನನ್ನು ಈ ಒಂದು ಲೆಕ್ಕಕ್ಕೆ ಅಂತ ಇಟ್ಟುಕೊಂಡಿದ್ದೆ."

ಇದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು. ವರ್ಗದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಬಂತು, ಓಡಿದರು.

ಸೋಮವಾರದಿಂದ ಮಾರ್ಚ್ ತನಕ ದಿನಾ ಮೊದಲು ಕರೆಯುತ್ತಿದ್ದದ್ದು ಮೂವತ್ತೊಂದನ್ನು. "ಇದು ಯಾವ ಶ್ರೇಢಿ ಸಾರ್?" ಎಂದು ಅಳುತ್ತಾ ಕೇಳಿದರೆ, "ಸಾಮಾನ್ಯ ವ್ಯತ್ಯಾಸ ಸೊನ್ನೆ," ಎನ್ನುತ್ತಿದ್ದರು. ಅದರ ದಯೆಯಿಂದ ಪಾಸಾದೆ. ಜೋಯಿಸಿಕೆ ಬಿತ್ತು, ಬಿಂಬುಳಿಯೂ ನಿಂತಿತು.

ಜೂನಿನಲ್ಲಿ ಕಾರ್ಕಳದ ಆ ಪೋಸ್ಟಿಗೆ ಬೇರೆ ಯಾರೋ ಬಂದರು. ನನ್ನ ಉತ್ತರದಿಂದಲೇ ತಪ್ಪಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಎರಡು ಚುಕ್ಕಿ ಕಂಡರೆ ಗೆರೆ ಎಳೆಯುವ ಚಾಳಿ ನನ್ನದು, ಬೇರೆ ಕಾರಣವೂ ಇದ್ದೀತು. ಆದರೆ ನಾನು ಮೂವತ್ತೊಂದು ಎಂದಿದ್ದರೆ ಇನ್‌ಸ್ಪೆಕ್ಟರ್ ಮೂವತ್ತೆರಡಕ್ಕೆ ಗುಡ್ ಎಂದು ಮೊದಲೇ ಬಾಯಿ ಹಾಕುತ್ತಿರಲಿಲ್ಲ, ಸಾರ್ ಎದುರು ಮಾತಾಡಬೇಕಾಗಿಯೂ ಇರಲಿಲ್ಲ. ಇಷ್ಟು ಮಾತ್ರ ಎಣಿಸಿಯೇ ಹೇಳುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್, ಪರ್ಕಳದಲ್ಲಿ ಬಾಡಿಗೆ ಕೋಣೆ. ಒಂದು ಭಾನುವಾರ ಊರಿನಿಂದ ವಾಪಸು ಬರುವಾಗ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರೆ ಕಿಟಕಿಯ ಪಕ್ಕದಲ್ಲಿ ಸಾರ್! ಕೊಡೆ ಅಲ್ಲೇ ಕಾಲರಿನಲ್ಲಿ. ಅಂಬಲಪಾಡಿಯಲ್ಲಿ ಮದುವೆ ಊಟ ಮಾಡಿ ಬರುತ್ತಿದ್ದರು.

"ಇವತ್ತು ಪಂಕ್ತಿಯಲ್ಲಿ ಒಂದು ಗಮನಿಸಿದೆ ಮಾರಾಯ್ತಿ," ಎಂದು ಶುರು ಮಾಡಿದರು, ಕುಶಲ ವಿಚಾರಿಸುವ ಮೊದಲೇ. "ಹೋಳಿಗೆ ಬಡಿಸುವಾಗ ಒಬ್ಬ ಸಾಕು ಎಂದರೆ ಅವನ ಆಚೆಯ ಮೂವರೂ ಸಾಕು ಎನ್ನುತ್ತಾರೆ. ಹೊಟ್ಟೆಯಲ್ಲಿ ಜಾಗ ಉಂಟು, ಆಸೆಯೂ ಉಂಟು. ಆದರೂ ಸಾಕು. ನಾಲ್ಕನೆಯವನು ಮಾತ್ರ ಧೈರ್ಯಸ್ಥ, ಎರಡು ಹಾಕಿಸಿಕೊಂಡ."

"ಆ ನಾಲ್ಕನೆಯವರು ನೀವಾ ಸಾರ್?"

"ಅಲ್ವಾ ಮತ್ತೆ!"

ಕಾರ್ಕಳಕ್ಕೆ ವರ್ಗ ಸಿಕ್ಕಿತಾ ಎಂದು ಕೇಳಿದೆ. ಸಿಕ್ಕಿತು, ಹೋದ ವರ್ಷ, ಎಂದರು. "ನಾನು ಮನೆಗೆ ಬಂದೆ, ಮಗಳು ಕಾಲೇಜಿಗೆ ಅಂತ ಮಂಗಳೂರಿನ ಹಾಸ್ಟೆಲ್ ಸೇರಿದಳು. ಈಗ ಶನಿವಾರ ಬಸ್ಸು ಹಿಡಿಯುವುದು ಅವಳು," ಎಂದು ನಕ್ಕರು. ನಿಜವಾಗಿಯೂ ನಕ್ಕರು.

ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ತಪ್ಪಾಯಿತು ಸಾರ್, ಆ ತ್ರಿಕೋನವನ್ನು ಗೊತ್ತಿದ್ದೇ ಎರಡು ಸಲ ಎಣಿಸಿದೆ ಎಂದು. ಕಡಿಯಾಳಿ ಬರಲಿ, ಹೇಳುತ್ತೇನೆ. ಕಡಿಯಾಳಿ ಬಂತು, ಹೋಯಿತು. ಇಂದ್ರಾಳಿಯಲ್ಲಿ ಹೇಳುತ್ತೇನೆ. ಮಣಿಪಾಲದಲ್ಲಿ ರಶ್ಶು, ಅದು ದಾಟಲಿ. ಪರ್ಕಳ ಬಂತು. "ಬರ್ತೇನೆ ಸಾರ್, ನೀವು ಆರಾಮ ಅಲ್ವಾ?" ಎಂದು ಕೇಳಿ ಇಳಿದೆ. ಒಳಗೆ ಎಣಿಸಿದ್ದು ಒಂದು, ಬಾಯಿಯಲ್ಲಿ ಬಂದದ್ದು ಇನ್ನೊಂದು. ಮತ್ತೆ ಸಿಗಲಿಲ್ಲ.

ಹೋದ ತಿಂಗಳು ಗ್ರೂಪಿನಲ್ಲಿ ಆ ಫೋಟೋದ ಕೆಳಗೆ ಒಬ್ಬ 'ಓಂ ಶಾಂತಿ' ಎಂದು ಹಾಕಿದ. ಅವನ ಕೆಳಗೆ ಇನ್ನೊಬ್ಬ 'ಓಂ ಶಾಂತಿ'. ಸಾಲಾಗಿ ಇಪ್ಪತ್ತಮೂರು 'ಓಂ ಶಾಂತಿ'. ಎಣಿಸಿದ್ದೇನೆ. ಅದರಲ್ಲಿ ಹನ್ನೊಂದನೆಯದ್ದು ನನ್ನದು. ದೀಪಸ್ತಂಭದ ಹೋಂವರ್ಕಿನ ಹಾಗೆ, ಮೇಲಿನವರದ್ದು ನೋಡಿ ಬರೆದದ್ದು.

ಎಲ್ಲರ ಕೆಳಗೆ ಕೊನೆಗೆ ಝೊಹರಾ ಬರೆದಳು. ಒಂದೇ ಪದ.

'ಮೂವತ್ತೊಂದು.'

ನಾನು ಫೋನನ್ನು ಕೆಳಗಿಟ್ಟು ಅತ್ತೆ. ಆಮೇಲೆ ನನ್ನ 'ಓಂ ಶಾಂತಿ'ಯನ್ನು ಅಳಿಸಿ, ಆ ಜಾಗದಲ್ಲಿ ಹಾಕಲಿಕ್ಕೆಂದು ಇದನ್ನು ಬರೆಯಲು ಕೂತೆ. ಮೂವತ್ತೊಂದು ಬಂದಿತ್ತು ಸಾರ್. ಎರಡು ಸಲವೂ ಮೂವತ್ತೊಂದೇ ಬಂದಿತ್ತು.

ನೀವೂ ಯಾವಾಗಲಾದರೂ ಮೂವತ್ತೊಂದು ಎಣಿಸಿ ಮೂವತ್ತೆರಡು ಹೇಳಿದ್ದೀರಿ, ನನಗೆ ಗೊತ್ತುಂಟು. ಯಾರ ಎದುರು, ಯಾವಾಗ, ಯಾಕೆ, ಕೆಳಗೆ ಬರೆಯಿರಿ. ಮೇಲಿನವರು ಏನು ಬರೆದಿದ್ದಾರೆ ಎಂದು ನೋಡಬೇಡಿ.